ಕಡಲ್ಗಳ್ಳರ ಜಾಡಿನಲ್ಲಿ: ಬಳಗಾನೂರಿನಿಂದ ಬಸವರಾಜದುರ್ಗಕ್ಕೆ

ನಮ್ಮ ಬಳಗಾನೂರು ಕಡಲನ್ನು ಕಂಡ ಊರಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ಜಲವೆಂದರೆ ಹಿರಿಯರಿಗೆ ಬಾವಿ, ಹಳ್ಳ, ಕೆರೆ. ಈಗಿನವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆ. ಒಂದು ಕಡೆ ಸಿಂಧನೂರಿನ ಭತ್ತದ ಗದ್ದೆಗಳು, ಇನ್ನೊಂದು ಕಡೆ ಮಸ್ಕಿಯ ಬಂಡೆಗುಡ್ಡಗಳು, ಅದರಾಚೆ ಲಿಂಗಸುಗೂರು ಸೀಮೆಯ ಮುದಗಲ್ಲು ಕೋಟೆ. ಇಂತಹ ನಾಡಿನವರಾದ ನಾವು ಕಡಲ್ಗಳ್ಳರ ಜಾಡನ್ನರಸಿ ಪಡುವಣ ತೀರಕ್ಕೆ ಹೋಗಿ ಬಂದೆವೆಂದರೆ ವಾಚಕ ಬಂಧುಗಳು ನಕ್ಕಾರು. ನಾವೂ ಮೊದಲು ನಕ್ಕವರೇ.

ಇದಕ್ಕೆ ಕಾರಣರಾದವರು ನಮ್ಮ ಊರಿನ ಇಬ್ಬರು ತರುಣರು. ಇಬ್ಬರೂ ಓದಿದವರು, ಹಳೆಯ ಹಡಗು, ಹಳೆಯ ಬಂದರು, ಕಡಲ್ಗಳ್ಳರ ಕಥೆ ಎಂದರೆ ಊಟ ನಿದ್ದೆ ಮರೆಯುವವರು. ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಜಮೈಕಾ ದ್ವೀಪದ ಪೋರ್ಟ್ ರಾಯಲ್ ಎಂಬ ಬಂದರಿನ ಸಂಗತಿಯನ್ನು ಬಣ್ಣಿಸಿದರು. ಕ್ರಿಕೆಟ್ ಆಟದಿಂದ ನಮ್ಮ ಮನೆಮಕ್ಕಳಿಗೆಲ್ಲ ಪರಿಚಿತವಾದ ವೆಸ್ಟ್ ಇಂಡೀಸಿನ ಊರು ಅದು. ಹದಿನೇಳನೆಯ ಶತಮಾನದಲ್ಲಿ ಕಡಲ್ಗಳ್ಳರು ತಂದು ಸುರಿದ ಹಣದಿಂದ ಕೊಬ್ಬಿದ್ದ ಆ ಪಟ್ಟಣದ ಬಹುಭಾಗವು 1692ರ ಜೂನ್ 7ರಂದು ಭೂಕಂಪಕ್ಕೆ ಸಿಕ್ಕಿ ಕಡಲಿನೊಳಕ್ಕೆ ಕುಸಿಯಿತು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಮುಳುಗಾಳುಗಳು ಅಲ್ಲಿಂದ ಎತ್ತಿದ ಒಂದು ಗಡಿಯಾರದ ಮುಳ್ಳುಗಳ ಗುರುತು ಹನ್ನೆರಡು ಹೊಡೆಯಲು ಹದಿನೇಳು ನಿಮಿಷ ಇರುವಲ್ಲಿಗೆ ನಿಂತಿತ್ತಂತೆ. ಆ ಮುಳುಗಿದ ಪಟ್ಟಣವನ್ನು 2025ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ದೇಶದೇಶಗಳ ಆಸಕ್ತರು ಅಂಥ ಸ್ಥಳಗಳನ್ನು ನೋಡಲೆಂದೇ ಹೋಗುತ್ತಾರೆ.

“ಜಮೈಕಾಕ್ಕೆ ಹೋಗಲು ನಮಗೆ ಆಗುವುದಿಲ್ಲರಿ ಶಾಸ್ತ್ರಿಗಳ. ನಮ್ಮ ಕಡಲಿಗಾದರೂ ಹೋಗಿ ಬರೋಣ, ನೀವೂ ಬರ್ರಿ” ಎಂದರು. ಹಿಂದೆ ಶಿಕ್ಷಕರಾಗಿದ್ದ ನಮ್ಮ ನೆರೆಮನೆಯವರು ಹೊರಟು ನಿಂತರು. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಶಾಸನಗಳನ್ನು ಕಲಿತ ನಮಗೆ ಕಡಲ್ಗಳ್ಳರಿಂದ ಏನಾಗಬೇಕೆಂದು ಅನಿಸಿದರೂ, ಭತ್ತದ ರಾಶಿ ಮುಗಿದು ಕಡಲು ಶಾಂತವಾಗಿರುವ ಮಾಘಮಾಸದಲ್ಲಿ ನಾಲ್ವರೂ ಒಂದು ಕಾರಿನಲ್ಲಿ ಹೊರಟೆವು.

ದಾರಿಯಲ್ಲಿ ಶಿಕ್ಷಕರು ತೆಗೆದ ಮಾತು ನಮ್ಮ ಸಂದೇಹವನ್ನು ಅರ್ಧ ಕಳೆಯಿತು. 1520ರಲ್ಲಿ ಶ್ರೀಕೃಷ್ಣದೇವರಾಯನು ಬಿಜಾಪುರದ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದದ್ದು ನಮ್ಮ ಈ ದೋಆಬಿನಲ್ಲಿಯೇ. ಆ ಕಾಲದ ಯುದ್ಧಕ್ಕೆ ಕುದುರೆ ಬೇಕು; ಒಳ್ಳೆಯ ಕುದುರೆ ಅರಬಸ್ತಾನದಿಂದಲೂ ಹೊರ್ಮುಜಿನಿಂದಲೂ ಹಡಗಿನಲ್ಲಿ ಬರಬೇಕು; ಬಂದು ಇಳಿಯುತ್ತಿದ್ದುದು ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ. ಆದ್ದರಿಂದ ಕಡಲಿನ ಮೇಲೆ ಯಾರ ಕೈ ಮೇಲಾಗುವುದೆಂಬುದು ನಮ್ಮ ಹೊಲಗಳ ಒಡೆತನವನ್ನೂ ನಿರ್ಣಯಿಸುತ್ತಿತ್ತು. ಕಡಲನ್ನು ಕಾಣದ ನಾಡಾದರೂ ಕಡಲಿನ ಋಣ ನಮಗುಂಟು.

ಗದಗು, ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವನ್ನಿಳಿದು ಮೊದಲು ಕಾರವಾರವನ್ನು ಮುಟ್ಟಿದೆವು. ಕಡಲತಡಿಯಲ್ಲಿ ನಿಂತು ತರುಣರು ಹೇಳಿದ ಸಂಗತಿ ನಮಗೆ ಹೊಸದು. ಕಡಲ್ಗಳ್ಳರ ಕಥೆಗಳಲ್ಲಿ ಬಹು ಪ್ರಸಿದ್ಧನಾದ ಕ್ಯಾಪ್ಟನ್ ವಿಲಿಯಂ ಕಿಡ್ಡನು 1697ರ ಸೆಪ್ಟೆಂಬರಿನಲ್ಲಿ ಈ ಕಾರವಾರಕ್ಕೇ ಬಂದಿದ್ದನು. ಅವನು ಇಂಗ್ಲೆಂಡಿನ ರಾಜನಿಂದ ಕಡಲ್ಗಳ್ಳರನ್ನು ಹಿಡಿಯುವ ಅಧಿಕಾರಪತ್ರವನ್ನು ಪಡೆದು ಹೊರಟವನು. ಅವನ ನಡತೆಯನ್ನು ಕಂಡು ಇಲ್ಲಿನ ಇಂಗ್ಲಿಷ್ ಕೋಠಿಯವರಿಗೆ ಸಂಶಯ ಹುಟ್ಟಿತು. ಅವನ ಆಳುಗಳಲ್ಲಿ ಕೆಲವರು ಇಲ್ಲಿಯೇ ಹಡಗು ಬಿಟ್ಟು ಓಡಿಹೋದರು. ಅದೇ 1697ರಲ್ಲಿ, ದಕ್ಷಿಣಕ್ಕೆ ಸ್ವಲ್ಪವೇ ದೂರದಲ್ಲಿ, ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ ಮುಗಿದು ಆಕೆಯ ದತ್ತುಪುತ್ರ ಬಸವಪ್ಪನಾಯಕನು ಪಟ್ಟಕ್ಕೆ ಬಂದನು. ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವನ್ನು ರಚಿಸಿದ ವಿದ್ವಾಂಸನಾದ ಅರಸನೀತ. ಒಂದೇ ಕಡಲತೀರ, ಒಂದೇ ವರ್ಷ. ಅಲ್ಲಿ ಕಿಡ್ಡ, ಇಲ್ಲಿ ಬಸವಪ್ಪನಾಯಕ!

ಮುಂದೆ 1698ರ ಜನವರಿಯಲ್ಲಿ ಕಿಡ್ಡನು ಕೊಚ್ಚಿಯ ಸಮೀಪದಲ್ಲಿ ‘ಕೇಡಾ ಮರ್ಚೆಂಟ್’ ಎಂಬ ದೊಡ್ಡ ಹಡಗನ್ನು ಹಿಡಿದನು. ಅದು ಬಂಗಾಳದಿಂದ ಸೂರತ್ತಿಗೆ ರೇಷ್ಮೆ, ಮಸ್ಲಿನ್ ಮೊದಲಾದ ಸರಕನ್ನು ಒಯ್ಯುತ್ತಿತ್ತು. ಆ ಹಡಗಿನಲ್ಲಿ ಫ್ರೆಂಚರ ರಹದಾರಿ ಇತ್ತು. ಫ್ರೆಂಚರು ಇಂಗ್ಲೆಂಡಿನ ಶತ್ರುಗಳಾದ್ದರಿಂದ ತಾನು ಹಿಡಿದದ್ದು ನ್ಯಾಯವೆಂದು ಕಿಡ್ಡನ ವಾದ. ಅದನ್ನು ವೆಸ್ಟ್ ಇಂಡೀಸಿಗೆ ನಡೆಸಿಕೊಂಡು ಹೋಗಿ ಅಲ್ಲಿ ಬಿಟ್ಟು ಹೋದನು. ವಿಚಾರಣೆಯ ಕಾಲಕ್ಕೆ ಆ ರಹದಾರಿಗಳನ್ನು ಅವನು ಎಷ್ಟು ಕೇಳಿದರೂ ಮುಂದಿಡಲಿಲ್ಲ. 1701ರ ಮೇ 23ರಂದು ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಇನ್ನೂರು ವರ್ಷಗಳು ಕಳೆದ ಮೇಲೆ ಅದೇ ರಹದಾರಿಗಳು ಲಂಡನ್ನಿನ ದಫ್ತರದಲ್ಲಿ ಸಿಕ್ಕವು. ಅವನು ನಿರಪರಾಧಿಯೆಂದು ನಾವು ಹೇಳುವುದಿಲ್ಲ. ಆದರೆ ಸಾಕ್ಷ್ಯವನ್ನು ಅದರ ಸ್ಥಾನದಿಂದ ಸರಿಸಿದರೆ ನ್ಯಾಯವು ಕುರುಡಾಗುತ್ತದೆಂಬುದು ಅಂದು ಕಾರವಾರದ ಮರಳಿನ ಮೇಲೆ ನಮ್ಮ ಮನಸ್ಸಿಗೆ ಬಂದಿತು.

ಕಾರವಾರದಿಂದ ದಕ್ಷಿಣಕ್ಕೆ ಬಂದು ಕುಮಟಾ ಸಮೀಪದ ಮಿರ್ಜಾನ್ ಕೋಟೆಯನ್ನು ನೋಡಿದೆವು. ಅಘನಾಶಿನಿಯ ಬಳಿಯ ಕೆಂಪು ಚಿರೇಕಲ್ಲಿನ ಕೋಟೆ. ಹುಲ್ಲು, ಪಾಚಿ, ನೆರಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಜನ ಇದನ್ನು ನೆನೆಯುತ್ತಾರೆ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದು ಕರೆದರು. ಇಲ್ಲಿ ಉತ್ಖನನ ಮಾಡಿದಾಗ ಚೀನಾದೇಶದ ಪಿಂಗಾಣಿಯ ಚೂರುಗಳೂ ತೋಪಿನ ಗುಂಡುಗಳೂ ದೊರೆತಿವೆ. ಪಿಂಗಾಣಿಯ ಚೂರು ಒಂದು ಪದರದಲ್ಲಿ ಸಿಕ್ಕಿದರೆ, ಆ ಪದರದ ಕಾಲಕ್ಕೆ ಚೀನಾದ ಸರಕು ಇಲ್ಲಿಯವರೆಗೆ ಬಂದಿತ್ತೆಂದು ಗೊತ್ತಾಗುತ್ತದೆ ಎಂದು ಶಿಕ್ಷಕರು ವಿವರಿಸಿದರು.

ಮರುದಿನ ಹೊನ್ನಾವರ. ಶರಾವತಿಯು ಕಡಲನ್ನು ಸೇರುವ ಈ ಬಂದರಿಗೆ 1342ರ ಸುಮಾರಿಗೆ ಇಬ್ನ್ ಬತೂತನೆಂಬ ಮೊರಾಕೊ ದೇಶದ ಯಾತ್ರಿಕನು ಬಂದಿದ್ದನು. ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳು ಈ ಊರಲ್ಲಿದ್ದವೆಂದು ಬರೆದಿದ್ದಾನೆ. ಸುಮಾರು ಏಳು ಶತಮಾನಗಳ ಹಿಂದೆ ಹೆಣ್ಣುಮಕ್ಕಳಿಗೆ 13 ಶಾಲೆಗಳು! ಮುಂದೊಮ್ಮೆ ಕೊಲ್ಲಂನಿಂದ ಹಡಗಿನಲ್ಲಿ ಮರಳುವಾಗ ಹೊನ್ನಾವರಕ್ಕೂ ಬಾರಕೂರಿಗೂ ನಡುವೆ ಒಂದು ಚಿಕ್ಕ ದ್ವೀಪದ ಬಳಿ 12 ಹಡಗುಗಳ ಕಡಲ್ಗಳ್ಳರು ಅವನನ್ನು ಮುತ್ತಿದರು. ಸಿಂಹಳದ ಅರಸನು ಕೊಟ್ಟಿದ್ದ ರತ್ನಗಳು, ಬಟ್ಟೆಬರೆ ಎಲ್ಲವನ್ನೂ ಸುಲಿದು, ಮೈಮೇಲೆ ಚಲ್ಲಣವೊಂದನ್ನು ಉಳಿಸಿ ದಡಕ್ಕೆ ಬಿಟ್ಟರು. ಬುಖಾರಾದಲ್ಲಿ ವಿದ್ವಾಂಸರ ಸಮಾಧಿಗಳ ಮೇಲಿನ ಬರಹಗಳನ್ನು ಅವನು ಪ್ರತಿಮಾಡಿಕೊಂಡಿದ್ದ ಹಾಳೆಗಳೂ ಈ ಸುಲಿಗೆಯಲ್ಲಿ ಹೋದವು. ರತ್ನಗಳು ಇನ್ನೊಬ್ಬರ ಕೊರಳನ್ನು ಸೇರಿರಬಹುದು. ಆ ಹಾಳೆಗಳು ಯಾರಿಗೂ ಒದಗಲಿಲ್ಲ. ಶಾಸನಗಳನ್ನು ಪ್ರತಿಮಾಡುವ ಶ್ರಮವನ್ನು ಬಲ್ಲ ನಮಗೆ ಆ ನಷ್ಟವೇ ದೊಡ್ಡದಾಗಿ ತೋರಿತು.

ಇದೇ ಹೊನ್ನಾವರದ ತಿಮ್ಮೋಜನನ್ನು ಪೋರ್ಚುಗೀಸ್ ಬರಹಗಾರರು ಕಡಲ್ಗಳ್ಳನೆಂದೇ ಕರೆದರು. 1505ರಲ್ಲಿ ಪೋರ್ಚುಗೀಸರು ಈ ಬಂದರಿನ ಹಡಗುಗಳನ್ನು ಸುಟ್ಟರು. ಆದರೆ 1510ರಲ್ಲಿ ಅಲ್ಬುಕರ್ಕನಿಗೆ ಗೋವೆಯ ಮೇಲೆ ದಾಳಿಮಾಡುವಂತೆ ಸಲಹೆಯಿತ್ತು ಜೊತೆಗೆ ನಡೆದವನು ಇದೇ ತಿಮ್ಮೋಜ. ಆಗ ಅವನು ಗೌರವಕ್ಕೆ ಪಾತ್ರನಾದ ಮಿತ್ರನಾದನು! ಮತ್ತೆ ಆ ಪೋರ್ಚುಗೀಸರೇ ತಮ್ಮ ರಹದಾರಿಯಿಲ್ಲದೆ ಯಾವ ಹಡಗೂ ಓಡಾಡಬಾರದೆಂದು ಕಟ್ಟುಮಾಡಿ, ಇಲ್ಲದವರ ಹಡಗನ್ನು ಕಸಿದುಕೊಂಡರು. ಯಾರು ಕಳ್ಳರು, ಯಾರು ಕಾವಲಿನವರು? ಬರಹವನ್ನು ಬರೆದವರ ಕೈಯನ್ನು ನೋಡಿಯೇ ಓದಬೇಕು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಪೋರ್ಚುಗೀಸ್ ಕೋಟೆಗಳನ್ನು ಗೆದ್ದುಕೊಂಡನು. ಹೀಗೆ ವೀರಶೈವ ಅರಸುಮನೆತನವೊಂದು ಈ ಬಂದರುಗಳ ಒಡೆಯನಾಯಿತು.

ಆ ಮನೆತನದ ಬಸವರಾಜನ ಹೆಸರನ್ನು ಹೊತ್ತ ಬಸವರಾಜದುರ್ಗ ಹೊನ್ನಾವರದೆದುರಿನ ಕಡಲಿನಲ್ಲಿದೆ. ಮೀನುಗಾರರ ದೋಣಿಯೊಂದರಲ್ಲಿ ಅಲ್ಲಿಗೆ ಹೋದೆವು. ಅರವತ್ತು ದಾಟಿದ ನಮಗೆ ದೋಣಿ ಹತ್ತುವುದೇ ಒಂದು ಸಾಹಸ. ಅಳಿವೆಯ ಅಲೆಗಳು ಎತ್ತಿ ಇಳಿಸುವಾಗ ಇಷ್ಟಲಿಂಗವನ್ನು ಕೈಯಿಂದ ಒತ್ತಿ ಹಿಡಿದು ಕುಳಿತೆವು. ದ್ವೀಪದಲ್ಲಿ ಚಿರೇಕಲ್ಲಿನ ಗೋಡೆಗಳು, ಗಿಡಗಂಟಿಗಳ ನಡುವೆ ಕಾಲುಹಾದಿ, ಸುತ್ತಲೂ ನೀರು. ಕಡಲಿನಿಂದ ಬರುವವರೆಲ್ಲ ಇಲ್ಲಿಂದ ಕಾಣುತ್ತಾರೆ. ಅದಕ್ಕಾಗಿಯೇ ಇಲ್ಲಿ ಕೋಟೆ.

ಮರಳುವಾಗ ಕಿರಿಯ ತರುಣನು ಚೀಲದಿಂದ ಏನನ್ನೋ ತೆಗೆದು ಹೆಮ್ಮೆಯಿಂದ ತೋರಿಸಿದನು. ಬಿಳಿಯ ಮೇಲೆ ನೀಲಿ ಗೆರೆಯಿದ್ದ ಪಿಂಗಾಣಿಯ ಚೂರು, ಹೆಬ್ಬೆರಳಿನಷ್ಟು. ಗೋಡೆಯ ಬುಡದಲ್ಲಿ ಸಿಕ್ಕಿತಂತೆ. ದೋಣಿಯವನು ಅದನ್ನು ನೋಡಿ, “ದುರ್ಗದ್ದು ದುರ್ಗದಲ್ಲೇ ಇರಲಿ ಸ್ವಾಮಿ” ಎಂದಷ್ಟೇ ಹೇಳಿ ದೋಣಿಯನ್ನು ನಿಲ್ಲಿಸಿದನು. ಹುಡುಗನ ಮುಖ ಕಂದಿತು. “ಇದೇನು ಬಂಗಾರವೇನರಿ, ಒಂದು ಚೂರು” ಎಂದು ನಮ್ಮ ಕಡೆ ನೋಡಿದನು. ನಮ್ಮಿಂದ ಬುದ್ಧಿವಾದ ಬರಬೇಕಾಗಿತ್ತು, ಬಾಯಿ ಬರಲಿಲ್ಲ. ಹುಡುಗನು ತಾನೇ ಸ್ವಲ್ಪ ಹೊತ್ತು ಯೋಚಿಸಿ, “ತಿರುಗಿಸು ಅಣ್ಣಾ” ಎಂದು ದೋಣಿಯನ್ನು ತಿರುಗಿಸಿ, ಎಲ್ಲಿ ಎತ್ತಿದ್ದನೋ ಅಲ್ಲಿಯೇ ಇಟ್ಟು ಬಂದನು. ಸ್ಥಳ ಅವನಿಗೆ ಇನ್ನೂ ನೆನಪಿತ್ತು.

ನಮ್ಮ ಬಾಯಿ ಕಟ್ಟಿದ್ದರ ಕಾರಣವನ್ನು ವಾಚಕರ ಮುಂದೆ ಹೇಳಿಕೊಳ್ಳಲೇಬೇಕು. ನಮ್ಮ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರು ಬೆಳಕಿಗೆ ತಂದ ಶಾಸನದಿಂದಲೇ ‘ಅಶೋಕ’ ಎಂಬ ಹೆಸರು ಮೊದಲು ಶಾಸನದಲ್ಲಿ ಓದಸಿಕ್ಕಿತು. ಅಲ್ಲಿ 1954ರಲ್ಲಿ ಬಿ. ಕೆ. ಥಾಪರರು ಉತ್ಖನನ ಮಾಡಿ ನವಶಿಲಾಯುಗದಿಂದ ಮೊದಲಾದ ಜನವಸತಿಯ ಪದರಗಳನ್ನು ತೋರಿಸಿದರು. ಪಾಠಶಾಲೆಯ ದಿನಗಳಲ್ಲಿ ಒಮ್ಮೆ ಮಸ್ಕಿಗೆ ಹೋದಾಗ ನಾವು ಹೊಲದ ಮಣ್ಣಿನಲ್ಲಿ ಮೂರು ಕೆಂಪು ಕಲ್ಲಿನ ಮಣಿಗಳನ್ನು ಕಂಡು ಎತ್ತಿಕೊಂಡೆವು. ಅಂದಿನಿಂದ ಅವು ನಮ್ಮ ಪುಸ್ತಕದ ಪೆಟ್ಟಿಗೆಯಲ್ಲಿ ಅರಿವೆಯ ಗಂಟಿನಲ್ಲಿದ್ದವು. ಬಂದವರಿಗೆ ತೋರಿಸಿ ಸಂತೋಷಪಟ್ಟಿದ್ದೇವೆ. ಕಾಯಕದಿಂದ ಬಾರದ್ದು ನಮ್ಮದಲ್ಲವೆಂದು ಪ್ರವಚನ ಮಾಡಿದ ನಾಲಿಗೆಯೂ ನಮ್ಮದೇ.

ಹೊನ್ನಾವರದ ರಾತ್ರಿ ಹಿರಿಯ ತರುಣನು ಕಿಡ್ಡನ ಹಡಗಿನ ಕಡೆಯ ಅಧ್ಯಾಯವನ್ನು ಹೇಳಿದನು. 2007ರಲ್ಲಿ ಅದು ಡೊಮಿನಿಕನ್ ಗಣರಾಜ್ಯದ ಕಾಟಲಿನಾ ದ್ವೀಪದ ಬಳಿ, ದಡದಿಂದ ಕೂಗಳತೆಯಲ್ಲಿ, ಹತ್ತು ಅಡಿಗೂ ಕಡಿಮೆ ನೀರಿನಲ್ಲಿ ತೋಪುಗಳ ರಾಶಿಯಾಗಿ ಕಂಡುಬಂದಿತು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಅದರ ಮರ ತೇಗವೆಂದೂ, ಹಲಗೆಗಳನ್ನು ಕೂಡಿಸಿದ ರೀತಿ ಭಾರತದ ಬಡಗಿಗಳದೆಂದೂ ಗೊತ್ತಾಯಿತು. ತೋಪುಗಳ ರಾಶಿಯನ್ನು ಬಾಚಿಕೊಂಡು ಹೋಗಲಿಲ್ಲ. 2011ರಲ್ಲಿ ಅದನ್ನು ಇದ್ದಲ್ಲಿಯೇ ನೀರಿನೊಳಗಿನ ಸಂಗ್ರಹಾಲಯವನ್ನಾಗಿ ಮಾಡಿದರು. ಆಸಕ್ತರು ಈಜಿ ಹೋಗಿ, ನೋಡಿ, ಬರಿಗೈಯಲ್ಲಿ ಮರಳುತ್ತಾರೆ. ನಮ್ಮ ನಾಡಿನ ಬಡಗಿಯ ಕೈಕೆಲಸಕ್ಕೆ ಅಷ್ಟು ದೂರದ ದ್ವೀಪದವರು ತೋರಿದ ಮರ್ಯಾದೆಯನ್ನು ನಮ್ಮ ಮಸ್ಕಿಯ ಮಣಿಗೆ ನಾವು ತೋರಲಿಲ್ಲವಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಊರಿಗೆ ಮರಳಿದ ವಾರದಲ್ಲಿಯೇ ಮಣಿಗಳ ಗಂಟನ್ನು ತೆಗೆದುಕೊಂಡು ಪುರಾತತ್ತ್ವವನ್ನು ಬಲ್ಲ ಅಧಿಕಾರಿಯೊಬ್ಬರಲ್ಲಿಗೆ ಹೋದೆವು. ಅವರು ಗದರಲಿಲ್ಲ. ಮಣಿಗಳನ್ನು ಬೆಳಕಿಗೆ ಹಿಡಿದು ನೋಡಿ, “ಯಾವ ಹೊಲ? ಗುಡ್ಡದ ಯಾವ ದಿಕ್ಕು? ಮೇಲ್ಮಣ್ಣೋ, ಕೊರೆದ ದಂಡೆಯೋ? ಜೊತೆಗೆ ಮಡಕೆಯ ಚೂರುಗಳಿದ್ದವೇ?” ಎಂದು ಒಂದೊಂದಾಗಿ ಕೇಳಿದರು. ಒಂದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಮಣಿಗಳನ್ನು ಬರೆದುಕೊಂಡು ತೆಗೆದಿರಿಸಿದರು. ‘ದೊರೆತ ಸ್ಥಳ’ ಎಂಬಲ್ಲಿ ‘ಮಸ್ಕಿ’ ಎಂಬ ಒಂದೇ ಮಾತನ್ನು ಬರೆದು, ಉಳಿದ ಜಾಗವನ್ನು ಖಾಲಿ ಬಿಟ್ಟರು.

ಮಣಿಗಳನ್ನು ಮರಳಿಸಿದೆವು, ಆ ಖಾಲಿ ಜಾಗವನ್ನು ತುಂಬಲು ಇನ್ನು ನಮ್ಮಿಂದಾಗದು. ಶರಣ ಬಂಧುಗಳ ಮನೆಗಳಲ್ಲಿ, ಹೊಲಗಳಲ್ಲಿ ಹಳೆಯ ಓಲೆಗರಿ, ತಾಮ್ರಪಟ, ನಾಣ್ಯ, ಬರಹವಿರುವ ಕಲ್ಲು ಇದ್ದರೆ, ಅದು ಎಲ್ಲಿ ಹೇಗೆ ದೊರೆಯಿತೆಂಬುದನ್ನು ಇಂದೇ ಒಂದು ಹಾಳೆಯಲ್ಲಿ ಬರೆದಿಡಿರಿ. ನೆಲದಲ್ಲಿರುವುದನ್ನು ಕೀಳದೆ ಬಲ್ಲವರಿಗೆ ತಿಳಿಸಿರಿ. ಬಸವರಾಜದುರ್ಗದ ಗೋಡೆಯ ಬುಡದಲ್ಲಿ ಆ ನೀಲಿಗೆರೆಯ ಚೂರು ಈಗಲೂ ತನ್ನ ಸ್ಥಳದಲ್ಲಿದೆಯೆಂದು ನಂಬಿದ್ದೇವೆ. ಮುಂದೊಂದು ದಿನ ಬಲ್ಲವರೊಬ್ಬರು ಬಂದು ಕೇಳಿದರೆ ಅದು ಉತ್ತರ ಹೇಳೀತು.