ಮುಕ್ಕಣ್ಣ ಯಂತ್ರ

೨೦೦೦–೦೧ರಲ್ಲಿ ಸರಕಾರಿ ರಂಗದ ಬ್ಯಾಂಕುಗಳು ಸ್ವಯಂ ನಿವೃತ್ತಿಯ ಯೋಜನೆಯನ್ನು ತೆರೆದಾಗ, ಬ್ಯಾಂಕುಗಳ ತವರೆನಿಸಿದ ಕರಾವಳಿಯ ಅನೇಕ ಸಂಸಾರಗಳಿಗೆ ಒಮ್ಮೆಗೇ ದೊಡ್ಡ ಮೊತ್ತವೊಂದು ಬಂದು ಸೇರಿತು. ಕೆಲವರು ತೋಟ ಕೊಂಡರು. ಕೆಲವರು ಮಗಳ ಮದುವೆಯನ್ನು ಪೂರೈಸಿದರು. ಬಹು ಮಂದಿ ಅದನ್ನು ತಾವು ಬಿಟ್ಟುಬಂದ ಬ್ಯಾಂಕಿನಲ್ಲಿಯೇ ಠೇವಣಿಯಿಟ್ಟರು. ಕುಂದಾಪುರದ ಗೃಹಸ್ಥರೊಬ್ಬರು ಮಾತ್ರ ಅದರಲ್ಲಿ ಒಂದು ಪಾಲನ್ನು ತೆಗೆದು ವಿಡಿಯೊ ಕ್ಯಾಮರಾ ತರಿಸಿದರು. ಮನೆಯ ಹಂಚಿನ ಮಾಡಿನ ಪಕಾಸಿಗಳು ಶಿಥಿಲವಾಗಿದ್ದ ಕಾಲ ಅದು. “ಹ್ವಾಯ್, ಮಾಡ್ ಸೋರುದನ್ನೂ ಅದ್ರಗೆ ಒಂಚೂರ್ ಹಿಡ್ಕಣಿ” ಎಂದಷ್ಟೇ ಹೇಳಿ ಮನೆಯಾಕೆ ಒಳಗೆ ಹೋದರು. ಆ ಒಂದು ಮಾತು ಬಹುಕಾಲದವರೆಗೆ ಸಾಕಾಯಿತು.

ಯಂತ್ರವೇನೂ ಸಾಮಾನ್ಯವಾದುದಲ್ಲ. ಸೋನಿ ಸಂಸ್ಥೆಯ ವಿಎಕ್ಸ್ ೨೦೦೦ ಎಂಬ ಆ ಮಾದರಿ ೨೦೦೦ನೆಯ ಇಸವಿಯಲ್ಲಿ ಹೊರಬಂದಿತ್ತು. ಅಮೆರಿಕದಲ್ಲಿ ಅದರ ಬೆಲೆ ಮೂರು ಸಾವಿರ ಡಾಲರಿನಷ್ಟು. ಅದರ ಹಿರಿಯಣ್ಣನಾದ ವಿಎಕ್ಸ್ ೧೦೦೦ ಬಂದದ್ದು ೧೯೯೫ರಲ್ಲಿ. ವೃತ್ತಿಪರರ ಕ್ಯಾಮರಾಗಳಲ್ಲಷ್ಟೇ ಇದ್ದ ಅನುಕೂಲವನ್ನು ಮನೆವಾರ್ತೆಯ ಜನರಿಗೆ ತಲುಪಿಸಿದ ಕೀರ್ತಿ ಈ ವಂಶಕ್ಕೆ ಸಲ್ಲುತ್ತದೆ. ಅಗ್ಗದ ಕ್ಯಾಮರಾಗಳಲ್ಲಿ ಬೆಳಕನ್ನು ಗ್ರಹಿಸುವ ಬಿಲ್ಲೆ ಒಂದೇ; ಇದರಲ್ಲಿ ಮೂರು. ಮಸೂರದಿಂದ ಒಳಬಂದ ಬೆಳಕನ್ನು ಒಂದು ಪಟ್ಟಕವು ಕೆಂಪು, ಹಸಿರು, ನೀಲಿ ಎಂದು ಸೀಳಿ, ಒಂದೊಂದು ಬಣ್ಣವನ್ನು ಒಂದೊಂದು ಬಿಲ್ಲೆಗೆ ಹಂಚುತ್ತದೆ. ಈ ವಿವರಣೆಯನ್ನು ಗೃಹಸ್ಥರು ನೆರೆಯವರಿಗೆಲ್ಲ ಒಪ್ಪಿಸಿದ್ದರ ಫಲವಾಗಿ ಯಂತ್ರಕ್ಕೆ ‘ಮುಕ್ಕಣ್ಣ’ ಎಂಬ ಹೆಸರು ನಿಂತುಹೋಯಿತು.

ಅಮೆರಿಕದಲ್ಲಿದ್ದ ಸಂಬಂಧಿಕರೊಬ್ಬರು ತರುವುದಾಗಿ ಹೇಳಿದ್ದರೂ ಅವರು ಒಪ್ಪಲಿಲ್ಲ. ಅಲ್ಲಿಯ ದೂರದರ್ಶನದ ಪದ್ಧತಿ ಬೇರೆ, ನಮ್ಮ ದೇಶದ ಪ್ಯಾಲ್ ಪದ್ಧತಿ ಬೇರೆ. ದುಬಾಯಿಯಲ್ಲಿ ನಮ್ಮದೇ ಪದ್ಧತಿಯ ಯಂತ್ರ ದೊರೆಯುತ್ತಿತ್ತು. ಅಳಿಯ ಅಲ್ಲಿಯೇ ಇದ್ದ. ಕುಂದಾಪುರ, ಬೈಂದೂರುಗಳ ಕಡೆಯ ಸಂಸಾರಗಳಿಗೆ ಆ ಕಾಲದಲ್ಲಿ ಅರಬ್ಬೀ ಸಮುದ್ರದ ಆಚೆಯ ದಡವು ಬೆಂಗಳೂರಿಗಿಂತ ಹತ್ತಿರವೆನಿಸುತ್ತಿದ್ದುದು ಸುಳ್ಳಲ್ಲ.

ಇಷ್ಟೆಲ್ಲ ಸಾಹಸ ಯಕ್ಷಗಾನಕ್ಕಾಗಿ. ಬ್ರಹ್ಮಾವರದ ಬಳಿಯ ಗುಂಡ್ಮಿಯ ಕಾಳಿಂಗ ನಾವಡರು ೧೯೯೦ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಎಳೆಯ ವಯಸ್ಸು. ಅವರ ಹಾಡು ಧ್ವನಿಸುರುಳಿಗಳಲ್ಲಿ ಉಳಿಯಿತು; ಮನೆಮನೆಯಲ್ಲಿಯೂ ಮೊಳಗಿತು. ಆದರೆ ಹಾಡುವಾಗಿನ ಮುಖ, ತಾಳ ಹಿಡಿದ ಕೈ, ಎದುರಿನ ವೇಷದತ್ತ ಎಸೆಯುವ ನೋಟ, ಇವು ಉಳಿದದ್ದು ಅತ್ಯಲ್ಪ. ಕೋಟದ ಶಿವರಾಮ ಕಾರಂತರು ೧೯೩೦ರ ಸುಮಾರಿಗೇ ಮೂಕಿ ಚಿತ್ರಗಳನ್ನು ತೆಗೆಯುವ ಸಾಹಸಕ್ಕೆ ಇಳಿದಿದ್ದ ನೆಲ ಇದು. ಆದರೆ ಮೂಕಿಯಿಂದ ಯಕ್ಷಗಾನಕ್ಕೇನು ಪ್ರಯೋಜನ? ಚೆಂಡೆಯಿಲ್ಲದ ಕುಣಿತವೆಂದರೆ ಉಪ್ಪಿಲ್ಲದ ಗಂಜಿ.

ಯಂತ್ರದ ಗುಣದೋಷಗಳೆಲ್ಲ ರಂಗಸ್ಥಳದ ಮುಂದೆಯೇ ಹೊರಬಿದ್ದವು. ಗುಣವನ್ನು ಮೊದಲು ಹೇಳಬೇಕು. ಕತ್ತಲೆಯಲ್ಲಿ ಅದರ ದೃಷ್ಟಿ ಅಸಾಧಾರಣವಾದುದು. ಚೌಕಿಯ ಮೂಲೆಯಲ್ಲಿ ಒಂದೇ ದೀಪದ ಕೆಳಗೆ ಕಲಾವಿದನೊಬ್ಬ ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವುದನ್ನು ಅದು ನಿರಾಯಾಸವಾಗಿ ಸೆರೆಹಿಡಿಯಿತು. ಹನ್ನೆರಡು ಪಟ್ಟು ಹತ್ತಿರ ಸೆಳೆಯುವ ಮಸೂರದಿಂದ, ಸಭೆಯ ಹಿಂದೆ ನಿಂತು, ಮುಂಡಾಸಿನ ಜರಿಯ ಪಟ್ಟಿಗಳನ್ನು ಎಣಿಸಬಹುದಾಗಿತ್ತು. ಆದರೆ ಎಲ್ಲವನ್ನೂ ಯಂತ್ರಕ್ಕೇ ಒಪ್ಪಿಸಿದರೆ ಅದು ಮೋಸಹೋಗುತ್ತಿತ್ತು. ಹಿಂದಿನ ಕತ್ತಲೆಯನ್ನು ಕಂಡು, ಬೆಳಕು ಸಾಲದೆಂದು ಭ್ರಮಿಸಿ, ವೇಷಧಾರಿಯ ಮುಖವನ್ನು ಸುಣ್ಣ ಬಳಿದ ಗೋಡೆಯಂತೆ ಮಾಡಿಬಿಡುತ್ತಿತ್ತು. ಬೆಳಕಿನ ಕಿಂಡಿಯನ್ನು ಕೈಯಿಂದಲೇ ಕಿರಿದುಗೊಳಿಸುವುದನ್ನು ಕಲಿಯಲು ಅವರಿಗೆ ಒಂದು ತಿರುಗಾಟದ ಅವಧಿಯೇ ಬೇಕಾಯಿತು. ಪ್ರಖರವಾದ ದೀಪವೊಂದು ಚೌಕಟ್ಟಿನೊಳಗೆ ಬಂದರೆ ಅದರ ಮೇಲಕ್ಕೂ ಕೆಳಕ್ಕೂ ಬಿಳಿಯ ಗೆರೆಯೊಂದು ಉದ್ದಕ್ಕೆ ಎಳೆದಂತೆ ಕಾಣುತ್ತಿತ್ತು; ಆ ಜಾತಿಯ ಬಿಲ್ಲೆಗಳ ಹುಟ್ಟುಗುಣವದು, ಮದ್ದಿಲ್ಲ.

ಇನ್ನು ಸುರುಳಿಯ ಪ್ರಶ್ನೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಮಿನಿ ಡಿವಿ ಕ್ಯಾಸೆಟ್ಟಿನ ಆಯುಸ್ಸು ಅರುವತ್ತು ನಿಮಿಷ. ಆಟವೋ ರಾತ್ರಿಯಿಡೀ ನಡೆಯುವಂಥದು. ಒಂದು ರಾತ್ರಿಗೆ ಎಂಟೊಂಬತ್ತು ಕ್ಯಾಸೆಟ್ಟು ಬೇಕು. ಎಚ್ಚರವಾಗಿದ್ದು, ಗಡಿಯಾರ ನೋಡುತ್ತ, ಪ್ರಸಂಗ ತಿಳಿದು ಬದಲಾಯಿಸಬೇಕು. ಬಣ್ಣದ ವೇಷವು ತೆರೆಯ ಹಿಂದೆ ಅಬ್ಬರಿಸುವ ಹೊತ್ತಿಗೇ ಕ್ಯಾಸೆಟ್ಟು ಮುಗಿಯುವುದೆಂಬುದು ಗೃಹಸ್ಥರು ಕಂಡುಕೊಂಡ ಸಿದ್ಧಾಂತ. ಅಲ್ಲಿಯವರೆಗೆ ಸಭೆಯಲ್ಲಿ ಮಲಗಿದ್ದ ಮಕ್ಕಳು ಸಹ ಎದ್ದು ಕುಳಿತಿರುತ್ತಿದ್ದರು.

ತಗ್ಗರ್ಸೆಯ ಕಂಬಳದಲ್ಲಿ ಕೋಣಗಳ ಓಟವನ್ನು ಅದು ಚೆನ್ನಾಗಿಯೇ ಹಿಡಿಯಿತು; ಮಸೂರಕ್ಕೆ ಕೆಸರನ್ನೂ ತಂದಿತು. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಅಂಥ ನೋಟವನ್ನು ಯಾವ ಯಂತ್ರವೂ ಕೆಡಿಸಲಾರದು. ಆದುದರಿಂದ ಅದನ್ನು ಮುಕ್ಕಣ್ಣನ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಮಳೆಗಾಲವೇ ನಿಜವಾದ ಶತ್ರು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ತನಕ ಗೋಡೆಯೇ ಬೆವರುವ ಊರಿನಲ್ಲಿ ಕಾಂತಸುರುಳಿಗೆ ಬೂಷ್ಟು ಹಿಡಿಯುವುದು ಸಹಜ. ಕ್ಯಾಮರಾದೊಳಗೆ ಸುರುಳಿಯನ್ನು ಓದುವ ಉರುಳೆ ನಿಮಿಷಕ್ಕೆ ಒಂಬತ್ತು ಸಾವಿರ ಸಲ ಸುತ್ತುತ್ತದೆ; ಅದು ಎಳೆಯುವ ಒಂದೊಂದು ಗೆರೆಯ ಅಗಲ ತಲೆಗೂದಲಿನ ಐದರಲ್ಲಿ ಒಂದು ಪಾಲೂ ಇಲ್ಲ. ಅಂಥಲ್ಲಿ ತೇವದ ಒಂದು ಕಣ ಕುಳಿತರೂ ಸುರುಳಿ ಅಂಟಿಕೊಂಡೀತೆಂದು ಯಂತ್ರವು ತಾನಾಗಿಯೇ ಎಚ್ಚರಿಕೆ ತೋರಿಸಿ ಕೆಲಸ ನಿಲ್ಲಿಸಿಬಿಡುತ್ತಿತ್ತು. ಆಗ ಬಾಗಿಲು ತೆರೆದಿಟ್ಟು ಒಣಗುವುದನ್ನು ಕಾಯುವುದೊಂದೇ ಉಪಾಯ. ಗೃಹಸ್ಥರು ಬಟ್ಟೆಯ ಕಪಾಟಿನ ಒಂದು ಖಾನೆಯನ್ನು ತೆರವು ಮಾಡಿಸಿ, ಸಣ್ಣ ವಿದ್ಯುದ್ದೀಪವೊಂದನ್ನು ಹಗಲಿರುಳೂ ಉರಿಸಿ, ಯಂತ್ರವನ್ನೂ ಕ್ಯಾಸೆಟ್ಟುಗಳನ್ನೂ ಬೆಚ್ಚಗಿಟ್ಟರು. ಬಾಣಂತಿಗೂ ಇಷ್ಟು ಉಪಚಾರ ನಡೆದಿರಲಿಲ್ಲವೆಂಬುದು ಮನೆಯಾಕೆಯ ಅಭಿಪ್ರಾಯ. ಮಾಡಿನ ರಿಪೇರಿಯೂ ಆ ಕಪಾಟಿನ ನೆವದಿಂದಲೇ ಕೊನೆಗೊಮ್ಮೆ ನಡೆಯಿತೆಂಬುದನ್ನು ನ್ಯಾಯವಾಗಿ ಹೇಳಬೇಕು.

ಧ್ವನಿಯ ವಿಷಯವನ್ನು ಬೇಕೆಂದೇ ಹಿಂದೆ ಇರಿಸಲಾಗಿದೆ. ಕ್ಯಾಮರಾದ ಮೂಗಿನ ಮೇಲೆ ಕುಳಿತ ಮೈಕಿಗೆ ಹತ್ತಿರದವರು, ದೂರದವರು ಎಂಬ ವಿವೇಚನೆ ಇಲ್ಲ. ಹತ್ತಿರದ್ದು ಜೋರು, ದೂರದ್ದು ಮೆಲು, ಅಷ್ಟೆ. ಅದರ ಜೊತೆಗೆ ಧ್ವನಿಯ ಮಟ್ಟವನ್ನು ತಾನಾಗಿ ಏರಿಸಿ ಇಳಿಸುವ ಏರ್ಪಾಡೊಂದಿದೆ. ಚೆಂಡೆ ಮೊಳಗಿದೊಡನೆ ಅದು ಬೆಚ್ಚಿ ಮಟ್ಟವನ್ನು ತಗ್ಗಿಸುತ್ತದೆ; ಚೆಂಡೆ ನಿಂತೊಡನೆ, ಏನೋ ಕೇಳಿಸದೆ ಹೋಗುತ್ತಿದೆಯೆಂದು ಮೆಲ್ಲಗೆ ಏರಿಸುತ್ತ ಹೋಗುತ್ತದೆ. ಹೀಗಾಗಿ ಕುಣಿತ ಮುಗಿದು ಅರ್ಥಗಾರಿಕೆ ಆರಂಭವಾಗುವ ಮುನ್ನಿನ ಆ ಕ್ಷಣದ ಮೌನದಲ್ಲಿ, ಪಕ್ಕದವರ ಪಿಸುಮಾತು ರಂಗಸ್ಥಳದ ಮಾತಿಗಿಂತ ದೊಡ್ಡದಾಗಿ ಅಚ್ಚಾಗುತ್ತದೆ.

ಪಕ್ಕದಲ್ಲಿದ್ದವರು ಗೃಹಸ್ಥರ ತಾಯಿ. ವಯಸ್ಸು ಎಂಬತ್ತು. ಚಾಪೆಯಲ್ಲಿ ಕೂರಲಾರದ ಅವರಿಗೆ ಮುಕ್ಕಾಲಿಯ ಮಗ್ಗುಲಲ್ಲಿಯೇ ಕುರ್ಚಿ. ತವರು ಬ್ರಹ್ಮಾವರದ ಕಡೆ. ಹಾರಾಡಿ ರಾಮ ಗಾಣಿಗರ ವೇಷವನ್ನು ಕಣ್ಣಾರೆ ಕಂಡವರು. ಕಂಡವರು ಸುಮ್ಮನಿದ್ದಾರೆಯೆ? ಈ ಹುಡುಗನ ಹೆಜ್ಜೆ ಹೇಗೆ ಅವರದಲ್ಲ, ಈ ಪದ್ಯವನ್ನು ಹಿಂದೆ ಎಷ್ಟು ನಿಧಾನವಾಗಿ ಹೇಳುತ್ತಿದ್ದರು, ಯಾರ ಮನೆಯ ಹರಕೆಯಾಟದಲ್ಲಿ ಯಾವ ವೇಷ ಬೆಳಗಾಗುವವರೆಗೆ ಕುಣಿಯಿತು, ಇವೆಲ್ಲ ರಾತ್ರಿಯುದ್ದಕ್ಕೂ ನಡೆಯುತ್ತಿದ್ದ ಉಪಕಥೆಗಳು. ನಡುನಡುವೆ ಎಲೆಯಡಿಕೆ ಕುಟ್ಟುವ ಸದ್ದು. ಮಂದಾರ್ತಿ ಮೇಳದ ಹರಕೆಯಾಟ ಮನೆಯೆದುರೇ ನಡೆದ ರಾತ್ರಿಯ ಒಂಬತ್ತು ಕ್ಯಾಸೆಟ್ಟುಗಳಲ್ಲಿಯೂ, ಚೆಂಡೆ ನಿಂತಾಗಲೆಲ್ಲ, ಈ ಟೀಕೆ ಟಿಪ್ಪಣಿ ಸ್ಪಷ್ಟವಾಗಿ ಕೇಳಿಬರುತ್ತದೆ.

ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮರುದಿನ ಕೇಳಿದ ಗೃಹಸ್ಥರು ನೊಂದುಕೊಂಡರು. ಇಷ್ಟು ಬೆಲೆಯ ಯಂತ್ರ, ಇಂಥ ಮೇಳ, ಕೇಳಿದರೆ ಅಮ್ಮನ ಹರಟೆ! ತಾಯಿಗೆ ಹೇಳುವ ಧೈರ್ಯವಾಗಲಿಲ್ಲ; ಯಂತ್ರಕ್ಕೆ ಹೇಳಿದರು. ೨೦೦೩ರ ತಿರುಗಾಟಕ್ಕೆ ಅವರು ಬೇರೊಂದು ಒಳ್ಳೆಯ ಮೈಕು ತರಿಸಿ, ಉದ್ದ ತಂತಿಯಿಂದ ಭಾಗವತರ ಹತ್ತಿರ ನಿಲ್ಲಿಸಿದರು. ಧ್ವನಿಯ ಮಟ್ಟವನ್ನು ಕೈಯಿಂದಲೇ ಹಿಡಿದರು. ಹೊರಗಿನ ಮೈಕಿನ ತಂತಿ ಸಿಕ್ಕಿಸಿದೊಡನೆ ಕ್ಯಾಮರಾದ ಸ್ವಂತ ಮೈಕು ತಾನಾಗಿ ಬಂದಾಗುತ್ತದೆ. ಆಮೇಲಿನ ಕ್ಯಾಸೆಟ್ಟುಗಳನ್ನು ಕೇಳಿದ ಬಲ್ಲವರು, ಮದ್ದಳೆಯ ಒಂದೊಂದು ಬೆರಳೂ ಕೇಳಿಸುತ್ತದೆಂದು ಮೆಚ್ಚಿದರು. ಅದು ನಿಜ. ತಾಯಿ ಅದೇ ಕುರ್ಚಿಯಲ್ಲಿ ಕುಳಿತು ಅದೇ ಮಾತುಗಳನ್ನು ಇನ್ನೂ ಮೂರು ವರ್ಷ ಆಡಿದರು. ೨೦೦೬ರ ಆಷಾಢದಲ್ಲಿ ತೀರಿಕೊಂಡರು.

ಅಲ್ಲಿಂದೀಚೆಗೆ ಲೋಕ ಮುಂದುವರಿಯಿತು. ಬೈಂದೂರೂ ಬ್ರಹ್ಮಾವರವೂ ೨೦೧೮ರಲ್ಲಿ ಪ್ರತ್ಯೇಕ ತಾಲೂಕುಗಳಾದವು. ಆಟದ ಬಯಲಿನಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು ಬಂದು, ಮುಕ್ಕಾಲಿ ಹೊತ್ತು ಬರುವವರನ್ನು ಕಂಡರೆ ಮಕ್ಕಳು ನಗುವಂತಾಯಿತು. ಮಿನಿ ಡಿವಿ ಸುರುಳಿಯನ್ನು ಓದುವ ಯಂತ್ರಗಳನ್ನು ಮಾಡುವವರಿಲ್ಲ. ಅದರ ತಂತಿಯನ್ನು ಸಿಕ್ಕಿಸುವ ಕಿಂಡಿ ಹೊಸ ಕಂಪ್ಯೂಟರುಗಳಲ್ಲಿಲ್ಲ. ಕಪಾಟಿನಲ್ಲಿ ನೂರ ಹನ್ನೆರಡು ಕ್ಯಾಸೆಟ್ಟುಗಳಿದ್ದವು. ಅವನ್ನು ಓದಬಲ್ಲ ಸಾಧನ ಮನೆಯಲ್ಲಿ ಒಂದೇ, ಅದೇ ಮುದಿ ಮುಕ್ಕಣ್ಣ.

ಬೆಂಗಳೂರಿನ ಮೊಮ್ಮಗ ದೀಪಾವಳಿಗೆ ಬಂದವನು ಎಲ್ಲಿಂದಲೋ ಹಳೆಯ ಕಂಪ್ಯೂಟರೊಂದನ್ನು ತಂದ. ಒಂದು ಗಂಟೆಯ ಸುರುಳಿಯನ್ನು ಇಳಿಸಲು ಒಂದು ಗಂಟೆಯೇ ಬೇಕು, ಹದಿಮೂರು ಗಿಗಾಬೈಟು ಜಾಗ ಬೇಕು, ಅವಸರಿಸುವಂತಿಲ್ಲ. ಆದರೆ ಸವೆದ ಉರುಳೆ ನೂರ ಹನ್ನೆರಡು ಗಂಟೆ ಬಾಳೀತೆಂಬ ಭರವಸೆಯನ್ನು ಯಾರೂ ಕೊಡಲಾರರು. ಹಾಗಾದರೆ ಮೊದಲು ಯಾವುದು? ಗೃಹಸ್ಥರು ಪಟ್ಟಿ ಸಿದ್ಧಪಡಿಸಿದ್ದರು. ಈಗ ಇಲ್ಲವಾದ ಕಲಾವಿದರ ಆಟಗಳು, ಧ್ವನಿ ಶುದ್ಧವಾಗಿರುವ ೨೦೦೩ರ ನಂತರದವು, ಮೊದಲು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆ ಕ್ಯಾಸೆಟ್ಟುಗಳಿಗೆ ಊರಿನ ಹಕ್ಕಿದೆ. ಮೊದಲ ಎರಡು ವರ್ಷಗಳ ಹದಿನಾಲ್ಕು ಕ್ಯಾಸೆಟ್ಟುಗಳು ಪಟ್ಟಿಯ ಕೊನೆಯಲ್ಲಿದ್ದವು.

ಮನೆಯಾಕೆ ಪಟ್ಟಿಯನ್ನು ಓದಲಿಲ್ಲ. ಆ ಹದಿನಾಲ್ಕನ್ನು ಕಪಾಟಿನಿಂದ ತೆಗೆದು, ಸೆರಗಿನಿಂದ ಒರೆಸಿ, ಮೇಜಿನ ಮೇಲಿಟ್ಟು ಹೋದರು. ಇಬ್ಬರ ನಡುವೆ ಎರಡು ದಿನ ಮಾತು ಕಡಿಮೆಯಾಯಿತು. ಮೂರನೆಯ ದಿನ ಹರಕೆಯಾಟದ ಮೊದಲ ಕ್ಯಾಸೆಟ್ಟು ಯಂತ್ರದೊಳಗೆ ಸೇರಿತು.

ಮೊಮ್ಮಗ ಜಾಣ. ಇಳಿಸಿದ ಅರ್ಧ ಗಂಟೆಯ ಭಾಗವನ್ನು ಹೊಸ ತಂತ್ರಾಂಶವೊಂದಕ್ಕೆ ಉಣಿಸಿ, ಸಂಜೆ ಎಲ್ಲರನ್ನೂ ಕೂರಿಸಿ ಕೇಳಿಸಿದ. ಚೆಂಡೆ ಇದೆ, ಮದ್ದಳೆ ಇದೆ, ಭಾಗವತರಿದ್ದಾರೆ. ಕೆಮ್ಮು, ಮಗುವಿನ ಅಳು, ಮುತ್ತಜ್ಜಿಯ ಮಾತು, ಒಂದೂ ಇಲ್ಲ. ಬಹಳ ಸೊಗಸಾಗಿತ್ತು. “ಅತ್ತಿ ಮಾತ್ ತೆಗುದಾರೆ ಆ ಚೆಂಡಿ ಎಂತಕ್ಕ್ ಬೇಕ್ ಮಗಾ?” ಎಂದರು ಮನೆಯಾಕೆ. ಹುಡುಗ ಒಂದು ಗುಂಡಿಯನ್ನು ಒತ್ತಿದ. ಚೆಂಡೆ ನಿಂತಿತು, ಒಂದು ಕ್ಷಣ ಬರಿಯ ಮೌನ, ಅನಂತರ ಯಂತ್ರವು ಮಟ್ಟವನ್ನು ಏರಿಸುತ್ತ ಹೋದಂತೆ, ದೂರದಿಂದ ಹತ್ತಿರಕ್ಕೆ ನಡೆದುಬಂದಂತೆ, ಎಲೆಯಡಿಕೆ ಕುಟ್ಟುವ ಸದ್ದು.

ಹದಿನಾಲ್ಕರಲ್ಲಿ ಹನ್ನೊಂದು ಕ್ಯಾಸೆಟ್ಟುಗಳು ಪೂರ್ತಿಯಾಗಿ ಇಳಿದಿವೆ. ಎರಡರಲ್ಲಿ ಅಲ್ಲಲ್ಲಿ ಚಿತ್ರ ಚೌಕಚೌಕವಾಗಿ ಒಡೆದಿದೆ, ಮಾತು ಉಳಿದಿದೆ. ಒಂದಕ್ಕೆ ಬೂಷ್ಟು ಹಿಡಿದಿರುವುದರಿಂದ ಅದನ್ನು ಒಳಗೆ ಹಾಕಿದರೆ ಉರುಳೆಯೇ ಕೆಟ್ಟೀತು. ಅದನ್ನು ಬೇರೆ ಇಡಲಾಗಿದೆ. ಗೃಹಸ್ಥರ ಪಟ್ಟಿಯ ಕೆಲಸ ಈಗ ನಡೆಯುತ್ತಿದೆ, ದಿನಕ್ಕೆ ಒಂದು ಕ್ಯಾಸೆಟ್ಟಿನಂತೆ, ಬೆಳಗ್ಗೆ ಬಿಸಿಲು ಬಂದು ಗಾಳಿಯ ತೇವ ಆರಿದ ಮೇಲೆ.