ವರ್ಷಕ್ಕೊಂದೇ ಸಲ ತಾನೇ!

ದಿಲ್ಲಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಈ ಊರಿನ ಚಳಿ, ಸೆಕೆ, ಹೊಗೆ, ಎಲ್ಲಕ್ಕೂ ಹೇಗೋ ಒಗ್ಗಿಕೊಂಡಿದ್ದೇನೆ. ಒಗ್ಗದೇ ಉಳಿದದ್ದು ಒಂದೇ, ರಾತ್ರಿಯ ಲೌಡ್ ಸ್ಪೀಕರು.

ಮಯೂರ ವಿಹಾರದ ನಮ್ಮ ಡಿಡಿಎ ಫ್ಲಾಟಿನ ಕಿಟಕಿ ತೆರೆದರೆ ಕೆಳಗೆ ಪಾರ್ಕು. ಅಲ್ಲಿ ಶಾಮಿಯಾನ ಏಳುತ್ತಿದೆ ಅಂದರೆ ಆ ರಾತ್ರಿ ಜಗರಾತಾ ಅಂತ ಅರ್ಥ. ದಿಲ್ಲಿಯಲ್ಲಿದ್ದವರಿಗೆ ಗೊತ್ತೇ ಇರುತ್ತದೆ, ದೇವಿಯ ಹೆಸರಲ್ಲಿ ಇಡೀ ರಾತ್ರಿ ಜಾಗರಣೆ, ಸಿನಿಮಾ ಧಾಟಿಯ ಭಜನೆ, ಬೆಳಗಿನ ಜಾವ ತಾರಾರಾಣಿಯ ಕಥೆ. ಅದು ಮುಗಿಯದೆ ಜಗರಾತಾ ಪೂರ್ತಿಯಾಗುವುದಿಲ್ಲ. ಮೊದಲ ವರ್ಷಗಳಲ್ಲಿ ಹನ್ನೊಂದು ಗಂಟೆಗೆ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋಗಿ ಕೇಳುತ್ತಿದ್ದೆ, "ಸ್ವಲ್ಪ ಕಮ್ಮಿ ಮಾಡ್ತೀರಾ?" ಎದುರಿನ ಬ್ಲಾಕಿನ ಯಜಮಾನರು ಪ್ರಸಾದ ಕೈಗಿತ್ತು ನಗುತ್ತಾ ಹೇಳುತ್ತಿದ್ದರು, "ಸಾಲ್ ಮೇಂ ಏಕ್ ಹೀ ಬಾರ್ ತೋ ಹೈ, ಭಾಯಿಸಾಬ್!" ವರ್ಷಕ್ಕೊಂದೇ ಸಲ ತಾನೇ!

ಅವರ ಮಟ್ಟಿಗೆ ಅದು ನಿಜವೇ. ಆದರೆ ನಮ್ಮ ಪಾರ್ಕಿಗೆ ನಾಲ್ಕು ಬ್ಲಾಕು. ಒಬ್ಬರದು ಜಗರಾತಾ, ಇನ್ನೊಬ್ಬರ ಮಗಳ ಮದುವೆಯ ಸಂಗೀತ್, ಮತ್ತೊಬ್ಬರ ಮನೆಯ ದಿಬ್ಬಣದ ಬ್ಯಾಂಡು. ಪ್ರತಿಯೊಬ್ಬರದೂ ವರ್ಷಕ್ಕೊಂದೇ ಸಲ, ನಮ್ಮ ಕಿವಿಗೆ ಮಾತ್ರ ತಿಂಗಳಿಗೆರಡು!

ಹೀಗಾಗಿ ಕಾನೂನು ಓದಿಕೊಂಡೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಜನವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಹತ್ತೇ ಡೆಸಿಬೆಲ್ ವ್ಯತ್ಯಾಸ ಅಂತ ಕಾಣಬಹುದು, ಆದರೆ ಹತ್ತು ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿದ ಹಾಗೆ. ಹಬ್ಬಗಳಿಗಾಗಿ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಇದನ್ನೆಲ್ಲ ನಾನು ಸಿಕ್ಕಸಿಕ್ಕವರಿಗೆ ಹೇಳಿ ಹೇಳಿ, ಗೆಳೆಯರ ಬಳಗದಲ್ಲಿ ನನಗೆ "ಡೆಸಿಬೆಲ್ ರಾಯರು" ಅಂತ ಹೆಸರೇ ಬಿತ್ತು.

ಇನ್ನು ಈ ಡೆಸಿಬೆಲ್ ರಾಯರ ಮಾನ ಹೋದ ಕಥೆ ಕೇಳಿ.

2023ರ ನವೆಂಬರ್ ಕೊನೆಯ ವಾರ. ಹೊರನಾಡ ಕನ್ನಡಿಗರಾದ ನಮಗೆ ರಾಜ್ಯೋತ್ಸವ ಒಂದು ದಿನದ ಹಬ್ಬವಲ್ಲ, ಇಡೀ ತಿಂಗಳಲ್ಲಿ ಯಾವ ಶನಿವಾರ ಎಲ್ಲರಿಗೂ ಬಿಡುವೋ ಅದೇ ರಾಜ್ಯೋತ್ಸವ. ಈ ಸಲ ಹಾಲ್ ಬೇಡ, ಡೇರೆಯಲ್ಲಿ ಒಂದು ರಾತ್ರಿ ಕಳೆಯೋಣ ಅಂತ ಎಂಟು ಮನೆಯವರು ಸೇರಿ ಗುರುಗ್ರಾಮದಾಚೆ ಸೋಹ್ನಾ ಕಡೆಯ ದಮದಮಾ ಕೆರೆಯ ಹತ್ತಿರ ಒಂದು ಕ್ಯಾಂಪಿಗೆ ಹೋದೆವು. ಅರಾವಳಿಯ ಕುರುಚಲು ಗುಡ್ಡಗಳು, ಸಾಲಾಗಿ ಡೇರೆಗಳು. ನಮ್ಮದು ಎಂಟು, ಆಚೆ ಬೇರೆಯವರದ್ದು ಐದಾರು. ಭುವನೇಶ್ವರಿಯ ಪಟಕ್ಕೆ ಹಾರ ಹಾಕಿದೆವು. ಬಿಸಿಬೇಳೆಭಾತು ಆಯಿತು. ಧಾರವಾಡದ ಗೆಳೆಯರ ಮಗ ಚಕ್ರ ಇರುವ ದೊಡ್ಡ ಸ್ಪೀಕರು ತಂದಿದ್ದ. ರಾಜಕುಮಾರ್ ಹಾಡು, ಜಾನಪದ, ಮಕ್ಕಳ ಕುಣಿತ... ವರ್ಷವಿಡೀ ಹಿಂದಿ ಮಾತಾಡಿ ದಣಿದ ನಾಲಿಗೆಗೆ ಅದೆಂಥ ಸುಖ ಅಂತ ಈ ಊರಲ್ಲಿದ್ದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹನ್ನೊಂದರ ಹೊತ್ತಿಗೆ ನನಗೂ ಹುಮ್ಮಸ್ಸು ಬಂತು. ಫೋನು ಜೋಡಿಸಿ ಯಕ್ಷಗಾನ ಹಾಕಿದೆ. ನಮ್ಮೂರು ಮೂಡುಬಿದಿರೆಯ ಹತ್ತಿರ, ಚೆಂಡೆ ಕೇಳಿದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಧ್ವನಿಯನ್ನು ಇನ್ನೂ ಸ್ವಲ್ಪ ಏರಿಸಿದ್ದೂ ನಾನೇ.

ಯಾರೋ ಭುಜ ಮುಟ್ಟಿದರು. ತಿರುಗಿದರೆ ನಲವತ್ತರ ಆಸುಪಾಸಿನ ಒಬ್ಬರು, ಶಾಲು ಹೊದ್ದು ನಿಂತಿದ್ದರು. "ಎರಡು ಸಲ ಕೂಗಿದೆ, ನಿಮಗೆ ಕೇಳಿಸಲಿಲ್ಲ ಅನ್ನಿಸುತ್ತೆ. ಅಮ್ಮನಿಗೆ ಹುಷಾರಿಲ್ಲ, ನಿದ್ದೆ ಹತ್ತುತ್ತಿಲ್ಲ. ಸ್ವಲ್ಪ..." ಅಂತ ಹಿಂದಿಯಲ್ಲಿ, ತುಂಬಾ ಮರ್ಯಾದೆಯಿಂದಲೇ ಹೇಳಿದರು. ನಾನು ಏನಂದೆ ಗೊತ್ತೇ? ನಗುತ್ತಾ, ಪ್ರಸಾದ ಕೊಡುವವರ ಧಾಟಿಯಲ್ಲೇ ಅಂದೆ, "ಸಾಲ್ ಮೇಂ ಏಕ್ ಹೀ ಬಾರ್ ತೋ ಹೈ, ಭಾಯಿಸಾಬ್!"

ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂದರೆ, ಪಕ್ಕದಲ್ಲಿದ್ದ ಹೆಂಡತಿ ನನ್ನ ಮುಖವನ್ನೇ ನೋಡಿದಳು. ಅದೇ ಮಾತನ್ನು ಅಣಕಿಸಿ ಇಪ್ಪತ್ತು ವರ್ಷದಿಂದ ಅವಳಿಗೆ ಹೇಳುತ್ತಾ ಬಂದವನು ನಾನು. ಅವಳೇ ಎದ್ದು ಸ್ಪೀಕರ್ ಸದ್ದು ತಗ್ಗಿಸಿದಳು. ಆದರೆ ಗುಂಪು ಚದುರಲಿಲ್ಲ. ಅಂತ್ಯಾಕ್ಷರಿ, ಜೋಕು, ನಗು ಹನ್ನೆರಡೂವರೆಯವರೆಗೂ ನಡೆಯಿತು. ಡೇರೆಗೆ ಗೋಡೆ ಇಲ್ಲ, ಇರುವುದು ಬಟ್ಟೆ ಮಾತ್ರ. ಸಾಲದ್ದಕ್ಕೆ ಬಯಲಲ್ಲಿ ರಾತ್ರಿ ನೆಲ ಬೇಗ ತಣ್ಣಗಾಗಿ, ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಲ್ಲುತ್ತದೆ. ಆಗ ಶಬ್ದ ಮೇಲೆ ಹೋಗದೆ ನೆಲದತ್ತ ಬಾಗಿ ದೂರದವರೆಗೆ ಕೇಳಿಸುತ್ತದೆ. ಇದೂ ನನಗೆ ಗೊತ್ತಿದ್ದ ಸಂಗತಿಯೇ. ರಾತ್ರಿ ಒಂದರ ಸುಮಾರಿಗೆ ಕಾರೊಂದು ಹೊರಟ ಸದ್ದಾಯಿತು, ಅದರ ದೀಪ ನಮ್ಮ ಡೇರೆಯ ಮೇಲೆ ಹಾದು ಹೋಯಿತು. ಹೊರಳಿ ಮಲಗಿದೆ.

ಬೆಳಗ್ಗೆ ಒಂದು ಡಬ್ಬಿಯಲ್ಲಿ ಕೇಸರಿಭಾತು ಹಾಕಿಕೊಂಡು ಆ ಡೇರೆಗೆ ಹೋದೆ. ಖಾಲಿ. ಹಾಸಿಗೆ ಮಡಚುತ್ತಿದ್ದ ಕ್ಯಾಂಪಿನ ಹುಡುಗ ಹೇಳಿದ, "ಅವರು ರಾತ್ರೀನೇ ಹೋದರು ಸಾರ್. ಎರಡು ದಿನಕ್ಕೆ ದುಡ್ಡು ಕಟ್ಟಿದ್ದರು."

ಡಬ್ಬಿ ಹಿಡಿದುಕೊಂಡು ವಾಪಸು ಬಂದೆ. ಅವರ ಹೆಸರು ಕೂಡ ಕೇಳಿರಲಿಲ್ಲ.

ಮರಳಿ ಬರುವಾಗ ಕಾರಿನಲ್ಲಿ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ಅಲ್ರೀ, ಕಳೆದ ವರ್ಷ ಕಟೀಲು ಮೇಳದ ಆಟ ಕಾಲಮಿತಿ ಆದಾಗ ನೀವೇ ಅಲ್ವಾ ಕೂಗಾಡಿದ್ದು?" ಹೌದು, ನಾನೇ. 2022ರಲ್ಲಿ ಇದೇ ಶಬ್ದದ ನಿಯಮದಿಂದಾಗಿ ಕಟೀಲು ಮೇಳಗಳ ಹರಕೆ ಆಟ ಬೆಳಗಿನವರೆಗೆ ನಡೆಯುವುದು ನಿಂತಾಗ, ಊರಿನವರಿಗೆಲ್ಲ ಫೋನು ಮಾಡಿ ಸಿಟ್ಟು ತೋಡಿಕೊಂಡಿದ್ದೆ. ದೇವಿಯ ಸೇವೆ, ಮಂಗಳವಾಗದೆ ಅರ್ಧಕ್ಕೆ ನಿಲ್ಲಿಸುವುದು ಹೇಗೆ ಅಂತ. (ಹೈಕೋರ್ಟಿನ ಆದೇಶದ ನಂತರ, ಶಬ್ದದ ನಿಯಮ ಪಾಲಿಸುವ ಷರತ್ತಿನೊಂದಿಗೆ, 2024ರ ಜನವರಿಯಲ್ಲಿ ಅವು ಮತ್ತೆ ಬೆಳಗಿನವರೆಗೆ ಶುರುವಾದವು.) ನಮ್ಮ ಪಾರ್ಕಿನ ಜಗರಾತಾವೂ ದೇವಿಯ ಸೇವೆಯೇ, ಅದೂ ಬೆಳಗಾಗುವವರೆಗೆ ಮುಗಿಯುವಂತಿಲ್ಲ. ಒಂದಕ್ಕೆ ನಾನು ಕಾನೂನು ಓದಿ ಹೇಳಿದೆ, ಇನ್ನೊಂದಕ್ಕೆ ಕಾನೂನನ್ನೇ ಬೈದೆ. ವ್ಯತ್ಯಾಸ ಇಷ್ಟೇ, ಒಂದರ ಭಾಷೆ ನನ್ನದು. ದಮದಮಾದ ಆ ತಾಯಿಯ ಕಿವಿಗೆ ನನ್ನ ಭಾಗವತಿಕೆ ಬರೀ ಗದ್ದಲ.

ಈ ನಿಯಮಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2005ರ ಜುಲೈ 18ರಂದು ಕೊಟ್ಟ ದೊಡ್ಡ ತೀರ್ಪಿದೆ. ಅನಿಲ್ ಮಿತ್ತಲ್ ಎಂಬ ಇಂಜಿನಿಯರ್ ಹಾಕಿದ ಅರ್ಜಿ. ಅದರ ಮೂಲದಲ್ಲಿದ್ದದ್ದು 1998ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿ. ಹದಿಮೂರು ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ನೆರೆಯಲ್ಲಿ ಮೊಳಗುತ್ತಿದ್ದ ಧ್ವನಿವರ್ಧಕದ ಸಂಗೀತದಿಂದಾಗಿ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ. ಅದೇ ಸಂಜೆ ಆಕೆ ಬೆಂಕಿ ಹಚ್ಚಿಕೊಂಡು ತೀರಿಕೊಂಡಳು. ತೀರ್ಪನ್ನು ಎಷ್ಟೋ ಸಲ ಓದಿದ್ದೆ, ಡೆಸಿಬೆಲ್ ಲೆಕ್ಕಕ್ಕಾಗಿ. ಗದ್ದಲ ಮಾಡುವವನಿಗೆ ಇನ್ನೊಬ್ಬರ ಕೂಗು ಕೇಳಿಸುವುದಿಲ್ಲ ಅನ್ನುವುದು ತಲೆಗೆ ಹೋದದ್ದು "ಎರಡು ಸಲ ಕೂಗಿದೆ" ಅಂತ ಆ ಮನುಷ್ಯ ಹೇಳಿದ ಮೇಲೆಯೇ.

ಆಮೇಲೆ ಊರಿನ ಆಟದ ನೆನಪಾಯಿತು. ಕೊಯ್ಲಾದ ಗದ್ದೆಯಲ್ಲಿ ಆಟ ಇದ್ದರೆ ಮುಂಚೆಯೇ "ಕೇಳಿ" ಬಾರಿಸುತ್ತಿದ್ದರು. ಇವತ್ತು ಇಲ್ಲಿ ಆಟ ಉಂಟು, ಬನ್ನಿ ಅಂತ ಸುತ್ತಲಿನ ಊರಿಗೆ ಚೆಂಡೆಯ ಮೂಲಕ ಹೇಳಿಕೆ. ಆಟ ಆಡಿಸುವ ಮನೆಯವರು ನೆರೆಕರೆಗೆಲ್ಲ ಮೊದಲೇ ಹೇಳಿರುತ್ತಿದ್ದರು. ಮನೆಯಲ್ಲಿ ಹುಷಾರಿಲ್ಲದವರಿದ್ದರೂ ಇದು ಯಾರ ಮನೆಯ ಸದ್ದು, ಯಾಕೆ, ಎಷ್ಟು ಹೊತ್ತು ಅಂತ ಗೊತ್ತಿರುತ್ತಿತ್ತು. ದಮದಮಾದಲ್ಲಿ ನಾವು ಆಟ ತಂದಿದ್ದೆವು, ಕೇಳಿ ಬಾರಿಸುವುದನ್ನು ಮರೆತಿದ್ದೆವು.

ಮುಂದಿನ ರಾಜ್ಯೋತ್ಸವ ಹೊಗೆಯ ದೆಸೆಯಿಂದ ಮುಂದಕ್ಕೆ ಹೋಗಿ 2025ರ ಫೆಬ್ರವರಿಗೆ ಬಂತು. (ನಗಬೇಡಿ!) ಅದೇ ಕ್ಯಾಂಪು. ಸಂಜೆ ಐದಕ್ಕೇ ನಾನೂ ಧಾರವಾಡದ ಗೆಳೆಯರೂ ಪಕ್ಕದ ಡೇರೆಗಳಿಗೆ ಹೋದೆವು. "ನಾವು ಕನ್ನಡದವರು, ಹಾಡು ಇರುತ್ತೆ, ಹತ್ತಕ್ಕೆ ನಿಲ್ಲಿಸ್ತೀವಿ. ನೀವೂ ಬನ್ನಿ." ಒಬ್ಬಾಕೆ, ಪುಟ್ಟ ಮಗು ಇದೆ, ಒಂಬತ್ತಕ್ಕೆ ಮಲಗಿಸಬೇಕು ಅಂದರು. ಸರಿ, ಸ್ಪೀಕರಿಗೆ ಒಂಬತ್ತೇ ಗಡುವು ಅಂದೆವು. ಎರಡು ಡೇರೆಯವರು ಊಟಕ್ಕೇ ಬಂದರು, ಪಂಜಾಬಿ ಹುಡುಗನೊಬ್ಬ ಡೊಳ್ಳಿನ ಪದಕ್ಕೆ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಕುಣಿದ. ಒಂಬತ್ತಕ್ಕೆ ಸ್ಪೀಕರು ಆರಿಸಿದಾಗ ನಮ್ಮವರೇ ಕೆಲವರು ಗೊಣಗಿದರು, "ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತಾ?" ಆ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಕೂತು ಸಣ್ಣ ದನಿಯಲ್ಲಿ ಊರಿನ ಸುದ್ದಿ ಮಾತಾಡಿದೆವು.

ಜಗರಾತಾ? ಅದು ಈಗಲೂ ಇದೆ. ಈಚೆಗೆ ಶಾಮಿಯಾನ ಏಳುವ ಮುಂಚಿನ ದಿನವೇ ಎದುರಿನ ಬ್ಲಾಕಿನ ಯಜಮಾನರ ಮನೆಗೆ ಹೋಗಿ ಕೂತೆ, ಚಹಾ ಕುಡಿದೆ, ಕಟೀಲಿನ ಆಟದ ಕಥೆ ಹೇಳಿದೆ. ಅವರು ಆಸಕ್ತಿಯಿಂದ ಕೇಳಿದರು. ಆ ರಾತ್ರಿ ನಮ್ಮ ಬ್ಲಾಕಿನ ಕಡೆಗಿದ್ದ ಒಂದು ಸ್ಪೀಕರನ್ನು ಆಚೆ ತಿರುಗಿಸಿದ್ದರು, ಹತ್ತರ ಮೇಲೆ ಸದ್ದೂ ಕಮ್ಮಿಯಿತ್ತು. ಪೂರ್ತಿ ನಿಂತಿರಲಿಲ್ಲ. ನಿದ್ದೆ ಬಾರದೆ ಇದ್ದಾಗ ಕೆಳಗೆ ಹೋಗಿ ತಾರಾರಾಣಿಯ ಕಥೆಯನ್ನು ಮೊದಲ ಸಲ ಕೊನೆಯವರೆಗೆ ಕೇಳಿದೆ.

ಆ ಶಾಲಿನ ಮನುಷ್ಯರು ಮಾತ್ರ ಮತ್ತೆ ಸಿಗಲಿಲ್ಲ. ಅವರ ಅಮ್ಮ ಆ ರಾತ್ರಿ ಮನೆ ಮುಟ್ಟಿ ಎಷ್ಟು ಗಂಟೆಗೆ ಮಲಗಿದರೋ.

ನಿಮ್ಮೂರಲ್ಲಿ, ನಿಮ್ಮ ಬಳಗದಲ್ಲಿ ಹೇಗೆ? ಹಬ್ಬಕ್ಕೆ ಮುಂಚೆ ನೆರೆಮನೆಯ ಬಾಗಿಲು ತಟ್ಟುತ್ತೀರಾ?