30 ವಾಟ್‌ಗಳ ಅಭಿಮಾನ

ಆಕಾಶವಾಣಿಯ ಕೇಂದ್ರಗಳೆಲ್ಲ ಈಗ ಮೊಬೈಲ್ ಆ್ಯಪ್‌ನ ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಂತಿರುವುದರಿಂದ, ಮೈಸೂರಿನ ಹಳೆಯ ಕೇಳುಗ ಯಾವ ದೇಶದಲ್ಲಿದ್ದರೂ ತನ್ನ ಕೇಂದ್ರವನ್ನು ಕೇಳಬಲ್ಲ; ಆದರೆ ಒಂದು ಕೇಂದ್ರದ ಕಾರ್ಯಕ್ರಮವನ್ನೇ ಹಲವು ಕೇಂದ್ರಗಳು ಒಟ್ಟಿಗೆ ಬಿತ್ತರಿಸುವ ಸಹಪ್ರಸಾರದ ಪದ್ಧತಿಯಿಂದಾಗಿ, ಮೈಸೂರನ್ನು ಒತ್ತಿದಾಗ ಕೆಲವೊಮ್ಮೆ ಬೆಂಗಳೂರೇ ಮಾತನಾಡುತ್ತದೆ. ಇದಕ್ಕೆ ಅವನು ಗೊಣಗುವುದನ್ನು ಕೇವಲ ವಯಸ್ಸಿನ ಲಕ್ಷಣವೆಂದು ತಳ್ಳಿಹಾಕುವವರಿಗೆ ಈ ಗೊಣಗಾಟದ ಪೂರ್ವೇತಿಹಾಸ ತಿಳಿದಿರಲಾರದು.

1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಪ್ರಸಾರವನ್ನು ಆರಂಭಿಸಿದ್ದು ಸರ್ಕಾರವಲ್ಲ, ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ, ಸ್ಥಳವೂ ಕಚೇರಿಯಲ್ಲ, ‘ವಿಠ್ಠಲ ವಿಹಾರ’ವೆಂಬ ಅವರ ಮನೆ. ಅಲ್ಲಿದ್ದ ಪ್ರೇಷಕದ, ಅಂದರೆ ಧ್ವನಿಯನ್ನು ರೇಡಿಯೋ ಅಲೆಯಾಗಿಸಿ ಹೊರಕಳಿಸುವ ಯಂತ್ರದ, ಸಾಮರ್ಥ್ಯ 30 ವಾಟ್. ಓದುವ ಮೇಜಿನ ದೀಪಕ್ಕೂ ಅದಕ್ಕಿಂತ ಹೆಚ್ಚು ವಿದ್ಯುತ್ ಬೇಕಾಗುತ್ತಿದ್ದ ಕಾಲವದು. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್‌ರಲ್ಲಿ ಬುದ್ಧಿಶಕ್ತಿಯ ಮಾಪನವನ್ನು ಅಭ್ಯಾಸ ಮಾಡಿ ಬಂದ ವಿದ್ವಾಂಸರು ಸಂಬಳದ ಹಣವನ್ನು ಇಂಥದ್ದಕ್ಕೆ ಸುರಿದದ್ದು ಬುದ್ಧಿವಂತಿಕೆಯೇ ಎಂದು ಅವರ ನೆರೆಹೊರೆಯವರು ಕೇಳಿದ್ದರೆ ತಪ್ಪಿಲ್ಲ. ಮೈಸೂರಿನ ಅಭಿಮಾನಿಗಳಿಗಂತೂ ಮುಂದೆ ಬಂದ ಕಿಲೋವಾಟ್‌ಗಳೆಲ್ಲ ಆ 30ರ ಮುಂದೆ ಸಣ್ಣವಾಗಿಯೇ ತೋರುತ್ತವೆ.

1940ರ ದಶಕದ ಆರಂಭದಲ್ಲಿ ಕೇಂದ್ರವು ಮೈಸೂರು ಸಂಸ್ಥಾನದ ಕೈಸೇರಿತು, 1950ರಲ್ಲಿ ಕೇಂದ್ರ ಸರ್ಕಾರದ್ದಾಯಿತು, 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ವಿಚಿತ್ರವೆಂದರೆ, ಮೈಸೂರಿನ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರನ್ನು ಇಡೀ ದೇಶದ ಪ್ರಸಾರ ಸಂಸ್ಥೆಯು ಅಧಿಕೃತವಾಗಿ ತನ್ನದಾಗಿಸಿಕೊಂಡದ್ದು ಅದರ ಅನಂತರವೇ. ಹೀಗೆ ಹೆಸರು ದೇಶದ ಪಾಲಾಯಿತು, ಕೇಂದ್ರ ರಾಜಧಾನಿಯ ಪಾಲಾಯಿತು, ಊರಿಗೆ ನೆನಪು ಉಳಿಯಿತು.

ಕಿವಿಗೆ ಇದರಿಂದ ನಷ್ಟವಾಯಿತೆಂದು ಹೇಳುವುದು ಕಷ್ಟ. ಬೆಂಗಳೂರಿನ ಪ್ರಸಾರವಿದ್ದದ್ದು ಮಧ್ಯಮ ತರಂಗದಲ್ಲಿ, ಅಂದರೆ ಹಗಲಿನಲ್ಲಿ ನೆಲವನ್ನನುಸರಿಸಿ ಸಾಗುವ, ರಾತ್ರಿ ಮೇಲಿನ ಅಯಾನುಗೋಳದಿಂದ ಪ್ರತಿಫಲಿಸಿ ಇನ್ನೂ ದೂರ ತಲುಪುವ ಅಲೆಗಳಲ್ಲಿ. ಮೈಸೂರು ಅದಕ್ಕೆ ದೂರವೇನಲ್ಲ. ಭಾಷೆ ಅದೇ ಕನ್ನಡ, ಸಂಗೀತ ಅದೇ ಕರ್ನಾಟಕ ಶೈಲಿಯದು. ಕಳೆದುಹೋದದ್ದು, ರೇಡಿಯೋದಲ್ಲಿ ಹಾಡಿದವರನ್ನು ಮರುದಿನ ದೇವರಾಜ ಮಾರುಕಟ್ಟೆಯಲ್ಲಿ ಕಂಡು ಶ್ರುತಿಯ ಬಗೆಗೆ ಆಕ್ಷೇಪ ಎತ್ತಬಹುದೆಂಬ ಸಲಿಗೆ. ಯಾವ ಪ್ರೇಷಕದ ಸಾಮರ್ಥ್ಯವನ್ನು ಹೆಚ್ಚಿಸಿದರೂ ಅದು ಹಿಂದಿರುಗುವಂಥದ್ದಲ್ಲ. ಇಂದಿನ ಸಹಪ್ರಸಾರದ ವಿಚಾರದಲ್ಲಿ ಕೇಳುಗ ಅಂಜುವುದೂ ಇದಕ್ಕೇ, ಕಾರ್ಯಕ್ರಮಗಳ ಗುಣಮಟ್ಟಕ್ಕಲ್ಲ. ಬೆಂಗಳೂರಿನ ಕಾರ್ಯಕ್ರಮ ಎಷ್ಟೋ ಸಲ ಹೆಚ್ಚು ಚೆನ್ನಾಗಿರುತ್ತದೆಂದು ಅವನೇ, ಬೇರೆ ಊರಿನವರು ಹತ್ತಿರವಿಲ್ಲದಾಗ, ಒಪ್ಪುತ್ತಾನೆ.

1970ರ ದಶಕದಲ್ಲಿ ಮೈಸೂರಿಗೆ ಮತ್ತೆ ಸ್ವಂತ ಕೇಂದ್ರ ಬಂದಿತು, ಈಗ ಅದು ಎಫ್‌ಎಂನ 100.6 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತದೆ. ಮೈಸೂರಿಗರು ಮಾತ್ರ ಅದರ ವಯಸ್ಸನ್ನು 1935ರಿಂದಲೇ ಎಣಿಸುತ್ತಾರೆ. ನಡುವೆ ಊರಿನಲ್ಲಿ ಕೇಂದ್ರವೇ ಇಲ್ಲದ ವರ್ಷಗಳನ್ನು ಆ ಲೆಕ್ಕದಿಂದ ಕಳೆಯುವ ಗೋಜಿಗೆ ಹೋಗುವುದಿಲ್ಲ.